ಅಣ್ಣನಿಗೆ ಓದಿ ಹೇಳಿದ ಮೂಕಿ ಸಿನಿಮಾ

ಒಂದು ಮೂಕಿ ಸಿನಿಮಾದ ಕೊನೆಯನ್ನು ಅಣ್ಣನಿಗೆ ನೆಟ್ಟಗೆ ಓದಿ ಹೇಳುವುದು ನನ್ನಿಂದ ಆಗಲಿಲ್ಲ. ಇಷ್ಟಕ್ಕೆ ಯಾರಾದರೂ ಮರುಗುತ್ತಾರೆಯೇ ಎಂದು ನೀವು ನಗಬಹುದು. ಕಳೆದ ವಾರ ಇಲ್ಲಿ ದುಬೈಯ ಕರಾಮದ ಹೋಟೆಲಿನಲ್ಲಿ ಚಹಾಕ್ಕೆ ಕಾಯುತ್ತ ಮೊಬೈಲ್ ಒತ್ತುತ್ತಿದ್ದಾಗ ಅದೇ ಸಿನಿಮಾ ಕಾಣಿಸಿತು. ಕೊನೆಯವರೆಗೂ ನೋಡಿದೆ. ಚಹಾ ಬಿಟ್ಟು ಎದ್ದೆ.

ಮೂರು ವರ್ಷದ ಹಿಂದಿನ ಮಾತು. ಅಣ್ಣ ಆಗಲೂ ಅಲ್ ಕೂಜಿನ ಲೇಬರ್ ಕ್ಯಾಂಪಿನ ಮೆಸ್ಸಿನಲ್ಲಿ ಅಡಿಗೆಯವ. ನಾನು ಪಕ್ಕದ ಗೋದಾಮಿನಲ್ಲಿ ಪೆಟ್ಟಿಗೆ ಹೊರುವವ. ಇಬ್ಬರಿಗೂ ಒಂದೇ ಕೋಣೆ. ಭಟ್ಕಳದ ಇರ್ಫಾನ್ ಅಣ್ಣನ ಜೀವದ ಗೆಳೆಯ. ಅಣ್ಣನ ಷಷ್ಠಿಯ ಉಪವಾಸಕ್ಕೆ ಅವನು ಹಣ್ಣು ತರುತ್ತಿದ್ದ, ಅವನ ರಂಜಾನಿಗೆ ಅಣ್ಣ ಗಂಜಿ ಕಾಯಿಸುತ್ತಿದ್ದ. ಆ ಇರ್ಫಾನ್ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದೆ ಸಣ್ಣ ಹೋಟೆಲು ಹಾಕುವವನಿದ್ದ. "ಅಡಿಗೆಗೆ ನೀನೇ ಬರಬೇಕು. ಇಬ್ಬರೂ ಸೇರಿ ನಡೆಸುವ" ಎಂದು ಅಣ್ಣನನ್ನು ಕರೆದಿದ್ದ.

ಅಣ್ಣ ಊರಿನಲ್ಲಿ ದೇವರ ಮುಂದೆ ಹೂವಿನ ಪ್ರಸಾದ ಕೇಳದೆ, ಹೂ ಬಲಕ್ಕೆ ಬೀಳದೆ, ಬಾವಿ ತೋಡಿದವನಲ್ಲ, ಹೆಣ್ಣು ನೋಡಿದವನಲ್ಲ. ನನ್ನನ್ನು ದುಬೈಗೆ ಕರೆಸಿದ್ದೂ ಹೂ ಕೇಳಿಯೇ. ಆ ಹೂವಿಗೆ ನನ್ನ ವಿಷಯ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅಲ್ ಕೂಜಿನಲ್ಲಿ ಹೂ ಎಲ್ಲಿಂದ ಬರಬೇಕು? ಕಣ್ಣಿಗೆ ಬಿದ್ದದ್ದೇ ಪ್ರಸಾದ.

ಒಂದು ಶುಕ್ರವಾರ ಮಧ್ಯಾಹ್ನ ಟಿ.ವಿ.ಯಲ್ಲಿ ಈ ಸಿನಿಮಾ ಹಾಕಿದೆವು. ಕುದುರೆ, ಅಗಲ ಟೋಪಿ, ಊರುಕೇರಿಗಳೆಲ್ಲ ಮುಗಿದ ಮೇಲಿನ ಬಯಲು, ಮಾತೇ ಇಲ್ಲ. ಇಬ್ಬರು ಗೆಳೆಯರು. ಒಬ್ಬ ಸದಾ ಪ್ರಾರ್ಥಿಸುವವನು, ಇನ್ನೊಬ್ಬ ದೇವರೆಂದರೆ ನಗುವವನು. ನೀರು ಮುಗಿದಾಗ ನಗುವವನು ನೀರು ಹುಡುಕಲು ಹೊರಟ. ಪ್ರಾರ್ಥಿಸುವವನು ಬಂಡೆಯ ನೆರಳಲ್ಲಿ ಕಾದ. ಪರದೆಯ ಮೇಲೆ ಅಕ್ಷರ ಮೂಡಿತು.

ಅಣ್ಣ ಮುಂದೆ ಬಾಗಿದ. "ಇವ ವಾಪಸು ಬಂದರೆ ನಾನು ಇರ್ಫಾನನ ಜೊತೆ ಹೋಗುವುದೇ. ಇದೇ ಪ್ರಸಾದ. ಓದು, ಎಂತ ಬರೆದಿದೆ?"

ಏಳನೆಯದಕ್ಕೆ ಶಾಲೆ ಬಿಟ್ಟವನಾದರೂ ಆ ಕೋಣೆಗೆ ಇಂಗ್ಲಿಷಿನ ಪಂಡಿತ ನಾನೇ. ಕೂಡಿಸಿ ಕೂಡಿಸಿ ಓದಿಕೊಂಡೆ. ಬಂದೇ ಬರುತ್ತೇನೆ, ಕಾದಿರು ಎಂದಿತ್ತು.

"ಮೋಸ ಮಾಡಿ ಹೋದನಂತೆ. ಖಲಾಸ್" ಎಂದು ಟಿ.ವಿ. ಆರಿಸಿಬಿಟ್ಟೆ.

ಅಣ್ಣ ಅಬುಧಾಬಿಗೆ ಹೋಗಲಿಲ್ಲ. ಇರ್ಫಾನನ ಫೋನು ಬಂದರೆ "ಕೆಲಸ ಉಂಟು" ಎಂದು ಇಡುತ್ತಿದ್ದ. ಬರಬರುತ್ತ ಫೋನೂ ನಿಂತಿತು.

ಕರಾಮದಿಂದ ಬಸ್ಸು ಹಿಡಿದು ಬಂದವನೇ ಮೆಸ್ಸಿಗೆ ಹೋಗಿ ಅಣ್ಣನಿಗೆ ಆ ಕೊನೆಯನ್ನು ತೋರಿಸಿದೆ. ನಗುವವನು ಕಾಲೆಳೆಯುತ್ತ, ನೀರಿನ ಚೀಲವನ್ನು ಮಗುವಿನಂತೆ ಎದೆಗವಚಿಕೊಂಡು ಬಂದ. ಗೆಳೆಯ ಕುಡಿದ ಮೇಲೆಯೇ ತಾನು ಕುಡಿದ.

"ಬಂದನಲ್ಲ ಮಾರಾಯ!" ಅಣ್ಣ ಸೌಟು ಕೆಳಗಿಟ್ಟು ಅಲ್ಲಿಂದಲೇ ಇರ್ಫಾನನಿಗೆ ಫೋನು ಮಾಡಿದ. ಆಚೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. "ಮೂರು ವರ್ಷ ಎಲ್ಲಿ ಸತ್ತಿದ್ದಿ? ನಾನು ಮಾಡಿದ ಸಾಂಬಾರು ನಾನೇ ತಿನ್ನುವ ಗತಿ ಇಲ್ಲಿ. ಯಲ್ಲಾ, ಬಾ!"

ಅಣ್ಣ ನಗುತ್ತಲೇ ನನ್ನ ಬೆನ್ನು ತಟ್ಟಿದ. "ಪಾಪ, ಏಳನೆಯದರ ಇಂಗ್ಲಿಷು. ಆವತ್ತು ತಪ್ಪು ಓದಿದ್ದಿ. ಬಿಡು."

ಬಿಟ್ಟುಬಿಡಬಹುದಿತ್ತು. ಅಷ್ಟು ಒಳ್ಳೆಯ ನೆಪವನ್ನು ಅವನೇ ಕೈಗೆ ಕೊಟ್ಟಿದ್ದ.

"ಇಲ್ಲ ಅಣ್ಣ, ಸರಿಯಾಗಿಯೇ ಓದಿದ್ದೆ. ನೀನು ಹೋದರೆ ನಾನು ಒಬ್ಬನೇ ಆಗ್ತೇನೆ ಅಂತ ಹೆದರಿ ಸುಳ್ಳು ಹೇಳಿದೆ. ತಪ್ಪಾಯ್ತು, ಅಣ್ಣ."