ಎಂಟು ನಿಮಿಷದ ಕೂಗು

ರುಕ್ಮಿಣಿ, ನಿನ್ನ ಅಪ್ಪನ ದನಿಯನ್ನು ಅಳಿಸಿದ್ದು ನಿನ್ನ ತಮ್ಮ ಬಾಬು ಅಲ್ಲ, ನಾನು. ಇಷ್ಟು ಹೇಳಲು ನನಗೆ ಎರಡು ವರ್ಷ ಬೇಕಾಯಿತು — ಬೇಕಾಗಿರಲಿಲ್ಲ, ನಾನೇ ತೆಗೆದುಕೊಂಡೆ. ದಿನಾ ಬೆಳಿಗ್ಗೆ ಬೆಳಗಾವಿಯಿಂದ ಬಸ್ಸು ಹಿಡಿದು ಖಾನಾಪುರದಲ್ಲಿ ಇಳಿದು, ಸ್ಟಾಫ್ ರೂಮಿನಲ್ಲಿ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನಿನ್ನ ಡಬ್ಬಿಯಿಂದ ಶೇಂಗಾ ಚಟ್ನಿ ತೆಗೆದು ತಿಂದು ಸುಮ್ಮನಿದ್ದೆ. ನೀನು ತಮ್ಮನನ್ನು ಬೈಯುವಾಗ ಹೂಂಗುಟ್ಟಿದ್ದೂ ಉಂಟು.

ನನ್ನ ಸಿಟ್ಟು ಇಡೀ ಶಾಲೆಗೇ ಗೊತ್ತು. ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ್ದೇನೆ, ಆದರೆ ಮಕ್ಕಳು ನೆನಪಿಡುವುದು ನನ್ನ ಪಾಠವನ್ನಲ್ಲ, ಮೂಗಿನ ತುದಿಯ ಸಿಟ್ಟನ್ನು. ಅದರ ಜೊತೆಗೆ, ಟೀಚರನ್ನು ಬಾಯಾರು ಎನ್ನುವ ಈ ಊರು ಕೊಟ್ಟ ಇನ್ನೊಂದು ಹೆಸರು — ಕಂಪ್ಯೂಟರ್ ಬಾಯಾರು. ಯಾರ ಸ್ಲೈಡು ಕೆಟ್ಟರೂ ನನ್ನ ಹತ್ತಿರ ಬರಬೇಕು. ಆ ಹೆಸರು ನನಗೆ ಎಷ್ಟು ಹಿತವಾಗಿತ್ತೆಂದರೆ — ಬಿಡು, ಈ ಕಥೆಯ ಮೂಲವೇ ಅಲ್ಲಿದೆ.

ಜಿಲ್ಲೆಗೆ ಒಂದು ಪಾಠ ಸ್ಪರ್ಧೆ ಬಂತು. ಚಿತ್ರ, ಚಲನೆ, ವಿಡಿಯೊ, ಧ್ವನಿ ನಾಲ್ಕೂ ಸೇರಿದ ಸ್ಲೈಡುಗಳಿಂದ ಒಂದು ಪಾಠ ಕಟ್ಟಬೇಕು. ಉಳಿದವರು ಮಾಡುವುದನ್ನು ನೋಡಿ ನಾನು ನಗುತ್ತಿದ್ದೆ. ಅಕ್ಷರಗಳು ಗಿರಗಿರ ತಿರುಗುತ್ತ ಬಂದು ಬೀಳುತ್ತಿದ್ದವು, ಪ್ರತಿ ಸಾಲಿಗೂ ಗಾಜು ಒಡೆದ ಸದ್ದು. ನಾನು ಎಂಟನೆಯ ತರಗತಿಯ ‘ಧ್ವನಿ’ ಪಾಠ ಆರಿಸಿಕೊಂಡೆ. ಎಲ್ಲರೂ ವೀಣೆ, ತಬಲಾ ತೋರಿಸುತ್ತಾರೆ. ನನಗೆ ಯಾರೂ ತೋರಿಸದ್ದು ಬೇಕಿತ್ತು.

ಆಗ ನೀನು, ಹಿಂದಿ ಪೇಪರು ತಿದ್ದುತ್ತ ತಲೆ ಎತ್ತದೆ, ಹೇಳಿದ್ದೆ.

“ನಮ್ಮಪ್ಪ ಸಂಜಿಕ ಅಡವಿ ಕಡೆ ಮಾರಿ ಮಾಡಿ ಕೂಗಿದ್ರ, ಯಾವ ಎಮ್ಮಿ ಕರದಾನ ಅದ ಎಮ್ಮಿ ಅಷ್ಟ ಬರ್ತಿತ್ತರಿ ಅಕ್ಕಾರ. ಒಂದೊಂದಕ್ಕ ದನೀನೂ ಬ್ಯಾರೆ. ನನ್ನ ಕಡೆ ವಿಡಿಯೊ ಅದಾವು.”

ಖಾನಾಪುರದ ಕಾಡಂಚಿನ ನಿಮ್ಮ ವಾಡೆಯಲ್ಲಿ, ಆ ನಾಲ್ಕಾರು ಮನೆಗಳ ಕೇರಿಯಲ್ಲಿ, ಎಮ್ಮೆ ಸಾಕಿಕೊಂಡು ಬದುಕಿದ ಆ ಮನುಷ್ಯ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ನೀನು ಎರಡು ದಿನ ಹಿಂದೆಮುಂದೆ ನೋಡಿದೆ. ಮೂರನೆಯ ದಿನ ಒಂದು ಪುಟ್ಟ ಕುಂಕುಮದ ಡಬ್ಬಿ ತಂದೆ. ಅದರೊಳಗೆ ಹತ್ತಿ, ಹತ್ತಿಯ ನಡುವೆ ಮೊಬೈಲಿನ ಮೆಮೊರಿ ಕಾರ್ಡು. ವರ್ಷಾಂತಿಕದ ದಿನ ಮನೆಮಂದಿಯೆಲ್ಲ ಕೂತು ಅದನ್ನು ಕೇಳಿದ್ದಿರಂತೆ, ನಿನ್ನ ಅವ್ವ ಅವತ್ತು ಊಟ ಮಾಡಲಿಲ್ಲವಂತೆ.

“ಅಪ್ಪಂದು ಇಷ್ಟ ಉಳದೈತ್ರಿ. ಕಾಪಿ ಮಾಡ್ಕೊಂಡು ಕೊಡ್ರಿ,” ಅಂದೆ ನೀನು.

ಮನೆಗೆ ಬಂದು ಹಾಕಿ ನೋಡಿದೆ. ಐದು ತುಣುಕು, ಒಟ್ಟು ಎಂಟು ನಿಮಿಷ. ತಲೆಗೆ ರುಮಾಲು ಸುತ್ತಿದ ಮುದುಕ, ಕಿವಿಯ ಹಿಂದೆ ಒಂದು ಕೈ, ಕಣ್ಣು ಮುಚ್ಚಿ — “ಚಂದ್ರೀ…” ಎಂದು ಎಳೆದು, ಕೊನೆಯಲ್ಲಿ ದನಿಯನ್ನು ಮೇಲಕ್ಕೆ ಒಯ್ದು ಬಿಡುತ್ತಿದ್ದ. “ಮೋರೀ…” ಅನ್ನುವಾಗ ದನಿ ಕೆಳಗಿಳಿಯುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ದೂರದಿಂದ ಒಂದು ಗಂಟೆ, ಗಿಡಗಂಟಿಯ ಸಪ್ಪಳ, ಒಂದೇ ಒಂದು ಎಮ್ಮೆ. ನಾನು ಮೂರು ಸಲ ನೋಡಿದೆ. ಇದರ ಮುಂದೆ ಉಳಿದವರ ತಬಲಾ ಯಾತರದ್ದು ಎಂದು ಆಗಲೇ ಗೆದ್ದವಳ ಹಾಗೆ ಕುಣಿದೆ.

ನೀನು ಕಾಪಿ ಮಾಡು ಎಂದಿದ್ದೆ. ನಾನು ಕಟ್ ಮಾಡಿದೆ. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ — ಶಾಲೆಯ ಕ್ಯಾಮೆರಾಗೆ ಒಂದು ಖಾಲಿ ಕಾರ್ಡು ಬೇಕಿತ್ತು. ಬಡಿದರೆ ಕಂಪಿಸುವ ಲೋಹದ ಶ್ರುತಿಕವೆಯನ್ನು ನೀರಿನ ಬಟ್ಟಲಿಗೆ ತಾಗಿಸಿದರೆ ನೀರು ಚಿಮ್ಮುವುದನ್ನು ಚಿತ್ರೀಕರಿಸಬೇಕಿತ್ತು. ಪೇಟೆಗೆ ಹೋಗಿ ಹೊಸದು ತರಲು ಬೇಸರ. ನಿನ್ನ ಕಾರ್ಡಿನಲ್ಲಿದ್ದುದನ್ನೆಲ್ಲ ಲ್ಯಾಪ್‌ಟಾಪಿನ ಒಂದು ಫೋಲ್ಡರಿಗೆ ಎತ್ತಿ ಹಾಕಿ, ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ನೀರು ಚಿಮ್ಮುವುದನ್ನು ಅದರಲ್ಲಿ ಚಿತ್ರೀಕರಿಸಿ, ಮತ್ತೆ ಬರಿದು ಮಾಡಿದೆ.

ಸ್ಪರ್ಧೆಗೆ ಹಿಂದಿನ ಭಾನುವಾರ ಬೆಳಗಿನಿಂದ ಸಂಜೆವರೆಗೆ ಮಹಾಂತೇಶ ನಗರದ ಮನೆಯಲ್ಲಿ ಆ ಸ್ಲೈಡುಗಳ ಜೊತೆ ಗುದ್ದಾಡಿದೆ. ನಿನ್ನ ಅಪ್ಪ ಕೂಗುವಾಗ ದನಿಯ ಅಲೆಯೊಂದು ಪರದೆಯ ಮೇಲೆ ಏರಿಳಿಯಬೇಕು, ಎಮ್ಮೆಯ ಚಿತ್ರ ಎಡದಿಂದ ನಡೆದು ಬರಬೇಕು. ಎಮ್ಮೆ ಮೊದಲೇ ಬಂದು ನಿಲ್ಲುತ್ತಿತ್ತು, ಕೂಗು ಆಮೇಲೆ. ಸರಿಪಡಿಸಿದರೆ ಕೂಗು ಎರಡು ಸಲ. ಅದನ್ನು ತೆಗೆದರೆ ಅಲೆಯೇ ಮಾಯ. ಪ್ರತಿ ಸಲ ಸೇವ್ ಮಾಡುವಾಗಲೂ ಪರದೆ ಬೆಳ್ಳಗಾಗಿ, ಉಂಗುರ ತಿರುಗುತ್ತ ತಿರುಗುತ್ತ — ತಲೆ ಚಿಟ್ಟು ಹಿಡಿಯಿತು. ಯಜಮಾನರು ಚಹಾ ತಂದಿಟ್ಟು, “ಸಾಕ್ ಮಾಡಬಾರದೇನು?” ಎಂದರು. ಅವರಿಗೂ ಬಿತ್ತು ಬೈಗಳು.

ಫೈಲು ಭಾರವಾಗಿದೆ, ಅದಕ್ಕೇ ಒದ್ದಾಡುತ್ತಿದೆ ಎಂದು ನನಗೆ ನಾನೇ ತೀರ್ಮಾನಿಸಿದೆ. ವಿಡಿಯೊ ಸೇರಿಸುವಾಗ ಎರಡು ದಾರಿ ಇರುತ್ತವೆ: ಒಂದರಲ್ಲಿ ವಿಡಿಯೊ ಸ್ಲೈಡಿನ ಒಳಗೇ ಕೂರುತ್ತದೆ, ಇನ್ನೊಂದರಲ್ಲಿ ಅದು ಎಲ್ಲಿದೆ ಎಂಬ ವಿಳಾಸವಷ್ಟೇ ಕೂರುತ್ತದೆ. ಹಗುರವಾಗಲಿ ಎಂದು ನಾನು ಎರಡನೆಯದನ್ನು ಒತ್ತಿದೆ. ಒತ್ತಿದೆ ಮತ್ತು ಮರೆತೆ. ಐದು ಗಂಟೆಗೆ ಎಲ್ಲವೂ ಸರಿಯಾಗಿ ಓಡಿತು — ಕೂಗು, ಅಲೆ, ಎಮ್ಮೆ, ಗಂಟೆ. ಆದರೆ ಲ್ಯಾಪ್‌ಟಾಪಿನ ಜಾಗ ತುಂಬಿ ಕೆಂಪು ಗೆರೆ ತೋರಿಸುತ್ತಿತ್ತು. ವಿಡಿಯೊ ಸ್ಲೈಡಿನಲ್ಲಿ ಬಂದಾಯಿತಲ್ಲ, ಇನ್ನು ಈ ಫೋಲ್ಡರ್ ಯಾಕೆ ಎಂದು, ಕಸದ ಬುಟ್ಟಿಗೂ ಹೋಗದ ಹಾಗೆ ಅಳಿಸಿಬಿಟ್ಟೆ. ಕೇಳಿತ್ತು ಅದು, ಖಾತ್ರಿಯೇ ಎಂದು. ಹೂಂ ಎಂದೆ.

ಬೇರೆಯವರಿಗೆ ಇದೇ ತಪ್ಪನ್ನು ಮಾಡಬೇಡಿ ಎಂದು ತರಬೇತಿಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳಿದವಳು ನಾನು.

ಸೋಮವಾರ ಬೆಳಗಾವಿಯ ಸಭಾಂಗಣದಲ್ಲಿ ನನ್ನ ಸರದಿ ಬಂತು. ಶೀರ್ಷಿಕೆ ಬಂತು, ನೀರು ಚಿಮ್ಮುವ ಚಿತ್ರ ಬಂತು. ನಿನ್ನ ಅಪ್ಪನ ಸ್ಲೈಡು ಬಂತು. ಅವರ ಬಾಯಿ ತೆರೆದಿತ್ತು, ಕೈ ಕಿವಿಯ ಹಿಂದಿತ್ತು. ಕೂಗು ಬರಲಿಲ್ಲ. ಒತ್ತಿದೆ, ಮತ್ತೆ ಒತ್ತಿದೆ. ಎಮ್ಮೆಯ ಚಿತ್ರ ಮಾತ್ರ ಯಾರೂ ಕರೆಯದೆ ಎಡದಿಂದ ನಡೆದುಬಂದು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನಗೆ ನೆತ್ತಿಗೇರಿತು. ಮೂಲೆಯಲ್ಲಿ ಕೂತಿದ್ದ ಆಪರೇಟರನಿಗೆ ಇನ್ನೂರು ಜನರ ಮುಂದೆ, “ಇಂಥಾ ಡಬ್ಬಾ ಮಷಿನ್ ಇಟಗೊಂಡು ಸ್ಪರ್ಧೆ ಯಾಕ್ ಮಾಡ್ತೀರಿ?” ಎಂದು ಬಾಯಿಗೆ ಬಂದ ಹಾಗೆ ಅಂದೆ. ಆ ಮನುಷ್ಯ ತಾಳ್ಮೆಯಿಂದ, “ಫೈಲ್ ಸಿಗವಲ್ದು ಅಂತ ತೋರಸಾಕತ್ತೈತ್ರಿ ಮೇಡಂ, ನಿಮ್ಮ ಕಡೇನ ಉಳದಿರಬೇಕು ನೋಡ್ರಿ,” ಎಂದ. ನನಗೆ ಕಲಿಸಲು ಬರುತ್ತಾನೆ ಎಂದು ಇನ್ನಷ್ಟು ಉರಿಯಿತು. ಮನೆಗೆ ಬಂದು, ಚಪ್ಪಲಿ ಸಹ ಬಿಡದೆ, ಲ್ಯಾಪ್‌ಟಾಪು ತೆರೆದೆ. ಅಲ್ಲಿಯೂ ಅದೇ. ಬಾಯಿ ತೆರೆದ ಮುದುಕ. ಅಷ್ಟು ಹೊತ್ತಿಗೆ ನನಗೆ ಎಲ್ಲ ತಿಳಿಯಿತು, ಒತ್ತಿದ ಒಂದೊಂದು ಗುಂಡಿಯೂ ನೆನಪಾಯಿತು.

ಆಗಲೇ ಮಷಿನ್ ಬಂದ್ ಮಾಡಿ ಯಾರ ಹತ್ತಿರವಾದರೂ ಒಯ್ಯಬಹುದಿತ್ತು. ಆದರೆ ಒಯ್ದರೆ ಹೇಳಬೇಕಲ್ಲ — ಕಂಪ್ಯೂಟರ್ ಬಾಯಾರು ಹೀಗೆ ಮಾಡಿದರು ಎಂದು. ಅದೇ ಲ್ಯಾಪ್‌ಟಾಪಿನಲ್ಲಿ ಮರುದಿನ ಅಂಕಪಟ್ಟಿ ಟೈಪು ಮಾಡಿದೆ.

ಮಂಗಳವಾರ ಕುಂಕುಮದ ಡಬ್ಬಿಯನ್ನು ನಿನ್ನ ಕೈಗೆ ಕೊಟ್ಟೆ. ನಾನು ಆಡಿದ ಮಾತನ್ನು ಇಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ, ಒಂದಕ್ಷರವೂ ಬಿಡದೆ.

“ಇದು ಓಪನ್ ಆಗ್ಲಿಲ್ಲ ನೋಡು ರುಕ್ಮಿಣಿ. ಖಾಲಿ ಐತಿ. ಮನ್ಯಾಗ ಯಾರರ ಮೊಬೈಲಿಗೆ ಹಾಕಿದ್ರೇನು?”

ನಿನ್ನ ಮುಖ ನೋಡಿದೆ. ನೀನು ಡಬ್ಬಿಯ ಮುಚ್ಚಳ ತೆಗೆದು ನೋಡಿ, “ಬಾಬು ಹಾಕಿದ್ದರಿ. ನಿಮಗ ಕೊಡೂಕಿಂತ ಮೊದಲ, ಭಜನೀ ಪದಾ ತುಂಬಿಸ್ಕೊಳ್ಳಾಕ,” ಎಂದೆ.

“ಹಂಗಾದ್ರ ಅಲ್ಲೇ ಹೋಗಿರಬೇಕು,” ಎಂದೆ ನಾನು.

ಮೂರೇ ಪದ. ನಾನು ಹೆಸರು ಹೇಳಲಿಲ್ಲ, ನೀನೇ ಹೇಳಿದೆ ಎಂದು ಎಷ್ಟೋ ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಥೂ ನನ್ನ ಬಾಳೇ. ಪ್ರಶ್ನೆ ಕೇಳಿದ್ದೇ ಒಂದು ಹೆಸರು ಸಿಗಲಿ ಎಂದು. ಕಾರ್ಡು ಬರಿದಾಗಿತ್ತು ಎಂದಷ್ಟೇ ಹೇಳಿ ಸುಮ್ಮನಾಗಿದ್ದರೂ ಅದು ಒಂದು ಸುಳ್ಳಾಗಿ ಉಳಿಯುತ್ತಿತ್ತು. ನಾನು ಅದಕ್ಕೆ ಒಬ್ಬ ಮನುಷ್ಯನನ್ನು ಹುಡುಕಿ ಕೊಟ್ಟೆ.

ಎಂಟು ತಿಂಗಳಾದ ಮೇಲೆ, ನೀನು ಬಾಬುವಿನ ಜೊತೆ ಮಾತು ಬಿಟ್ಟಿದ್ದೀಯೆಂದು ತಿಳಿದು ತಡೆಯಲಾರದೆ, ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಹಾಳಾದ ಡಿಸ್ಕಿನಿಂದ ಫೈಲು ತೆಗೆದುಕೊಡುವ ಒಬ್ಬರ ಬಳಿ ಲ್ಯಾಪ್‌ಟಾಪು ಒಯ್ದೆ. ಕನ್ನಡಕ ಹಣೆಗೇರಿಸಿಕೊಂಡ ವಯಸ್ಸಾದ ಮನುಷ್ಯ. ಎರಡು ದಿನ ಇಟ್ಟುಕೊಂಡು ಹೇಳಿದರು: “ಅಳಿಸಿದ ದಿನಾನ ತಂದಿದ್ರ ಪೂರಾ ಬರ್ತಿತ್ತರಿ. ಅದರ ಮ್ಯಾಲೆ ನೀವು ತಿಂಗಳಗಟ್ಟಲೆ ಬ್ಯಾರೆ ತುಂಬೀರಿ. ಇನ್ನ ಏನೂ ಉಳದಿಲ್ಲ.” ಅಳಿಸಿದ್ದು ಅವಸರದ ತಪ್ಪು, ಅದನ್ನು ತಪ್ಪೆಂದೇ ಕರೆಯೋಣ. ಆದರೆ ನಿಜವಾಗಿ ಆ ದನಿಯನ್ನು ಕೊಂದದ್ದು ಆಮೇಲಿನ ಎಂಟು ತಿಂಗಳ ನನ್ನ ಮರ್ಯಾದೆ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಹೇಳಲಿಲ್ಲ ನೋಡು. ಇನ್ನು ಹೇಳಿ ಏನು, ದನಿಯಂತೂ ಬರುವುದಿಲ್ಲ ಎಂದುಕೊಂಡೆ.

ಹೋದ ವಾರ ಸ್ಟಾಫ್ ರೂಮಿನಲ್ಲಿ ನೀನು ಎಲ್ಲರೆದುರು ಹೇಳಿದೆ — ಬಾಬುವಿನ ಲಗ್ನ ಗೊತ್ತಾಗಿದೆ, ಮುಂದಿನ ತಿಂಗಳು. ಯಾರೋ, “ಅಕ್ಕ ಒಬ್ಬಾಕಿನ ಇದ್ದೀ, ಕಳಸ ಹಿಡದು ನಿಂದರಬೇಕಲ್ಲ,” ಎಂದರು. ನೀನು ಪೇಪರಿನ ಕಟ್ಟನ್ನು ಮೇಜಿನ ಮೇಲೆ ಜೋಡಿಸುತ್ತ, “ನಮ್ಮಪ್ಪನ ದನಿ ಕಳದಾವನ ಬಾಜುಕ ನಾ ನಿಂದ್ರಾಂಗಿಲ್ಲರಿ,” ಎಂದೆ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಎದ್ದು ಲ್ಯಾಬಿಗೆ ಹೋದೆ. ಒಂಬತ್ತನೇ ತರಗತಿಯ ಹುಡುಗಿಯರು ಬಂದು ನಿಂತಿದ್ದರು, ಅವರಿಗೆ ಪಾಠ ಮಾಡಲು ನನ್ನಿಂದಾಗಲಿಲ್ಲ.

ಭಾನುವಾರ ಖಾನಾಪುರಕ್ಕೆ ಬಂದಿದ್ದೆ, ನಿನಗೆ ಗೊತ್ತಿಲ್ಲ. ಬಾಬು ಹಾಲಿನ ಡೇರಿಯ ಮುಂದೆ ಟೆಂಪೊದಿಂದ ಕ್ಯಾನು ಇಳಿಸುತ್ತಿದ್ದ. ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ, ಕಟ್ ಮಾಡಿದ್ದರಿಂದ ಹಿಡಿದು ನಿನ್ನೆದುರು ಆಡಿದ ಮೂರು ಪದದವರೆಗೆ. ಅವನು ಬೈಯಲಿ, ಕೈ ಎತ್ತಲಿ, ಅದಕ್ಕೆಲ್ಲ ಸಿದ್ಧಳಾಗಿಯೇ ಹೋಗಿದ್ದೆ. ಅವನು ಖಾಲಿ ಕ್ಯಾನಿನ ಮೇಲೆ ಕೂತುಬಿಟ್ಟ. ಕೂತಲ್ಲಿಂದಲೇ ಹೇಳಿದ:

“ಮೊದಲ ನಾ ಅಳಿಸಿಲ್ಲ ಅಂತ ಜಗಳಾ ಮಾಡಿದ್ನಿರಿ. ಅಕ್ಕ ಆರು ತಿಂಗಳ ಅದನ್ನ ಹೇಳಿದ್ಲು, ಆಮ್ಯಾಲೆ ಮಾತ ಬಿಟ್ಲು. ಆವಾಗಿಂದ ಯಾವ ಬಟನ್ ಒತ್ತಿದ್ನಿ ಅಂತ ದಿನಾ ನೆನಸ್ಕೋತಿದ್ದೆ. ಒತ್ತಿದ್ದು ನೆನಪೂ ಆಗಿತ್ತರಿ. ಯಾವ ಕಟ್ಟಿ ಮ್ಯಾಲೆ ಕುಂತು ಒತ್ತಿದ್ನಿ ಅನ್ನೂದು ಸೈತ.”

ರುಕ್ಮಿಣಿ, ಮಾಡದ ಕೆಲಸ ಅವನಿಗೆ ನೆನಪಿದೆ. ಅದನ್ನು ಅಲ್ಲಿ ಇಟ್ಟವಳು ನಾನು. ನಿನ್ನ ಅಪ್ಪನ ಎಂಟು ನಿಮಿಷವನ್ನು ನಾನು ತಂದುಕೊಡಲಾರೆ. ಇವನೊಳಗಿಂದ ಇದನ್ನಾದರೂ ತೆಗೆಯಲು ಬರುತ್ತದೆಯೋ ಇಲ್ಲವೋ, ಅದೂ ತಿಳಿಯದು. “ಅಕ್ಕಗ ನೀವ ಹೇಳ್ರಿ, ನಾ ಹೇಳಾಕ ಹೋಗಾಂಗಿಲ್ಲ,” ಎಂದು ಎದ್ದು ಉಳಿದ ಕ್ಯಾನುಗಳನ್ನು ಇಳಿಸತೊಡಗಿದ.

ಅದಕ್ಕೇ ಇದನ್ನು ಬರೆದೆ. ಬಾಯಲ್ಲಿ ಹೇಳಲು ಹೋದರೆ ನಡುವೆ ಎಲ್ಲೋ ನನ್ನನ್ನು ನಾನು ಉಳಿಸಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಹಾಗೆಂದು ಬರೆದು ಕೊಟ್ಟು ಮುಗಿಯಿತು ಎನ್ನುವುದಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೆದುರು ನೀನು ಬಾಬುವಿನ ಹೆಸರು ಹೇಳಿದ್ದೆಯೋ ಅವರೆಲ್ಲರೆದುರು ನಾನು ನನ್ನ ಹೆಸರು ಹೇಳುತ್ತೇನೆ, ನಾಳೆಯೇ, ಪ್ರಾರ್ಥನೆಗೆ ಮುಂಚೆ.

ನಿನಗೆ ಎರಡನೇ ಪಿರಿಯಡ್ ಬಿಡುವು. ನಾನು ಲ್ಯಾಬಿನಲ್ಲಿರುತ್ತೇನೆ; ಬಂದು ಏನು ಅನ್ನಬೇಕೋ ಅನ್ನು, ಎಲ್ಲರಿಗೆ ಕೇಳುವ ಹಾಗೆಯೇ ಅನ್ನು. ಬರದಿದ್ದರೂ ಸರಿ, ಇನ್ನು ಮೇಲೆ ಮಾತಾಡದಿದ್ದರೂ ಸರಿ. ಆದರೆ ನನ್ನ ಹತ್ತಿರ ಬರುವ ಮೊದಲು ಬಾಬುಗೆ ಫೋನ್ ಮಾಡು. ಹತ್ತು ಗಂಟೆಗೆ ಅವನ ಹಾಲು ಇಳಿಸುವ ಕೆಲಸ ಮುಗಿದಿರುತ್ತದೆ, ಎತ್ತುತ್ತಾನೆ.