ಅಂಕಿಯಲ್ಲಿ ಕಾಣದ ಓಟ

ಬಿ.ಎಡ್. ಮುಗಿದು, ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂದು, ಕೆಲಸದ ಆರ್ಡರ್ ಮಾತ್ರ ಬಾರದೆ ನಾನು ಮನೆಯಲ್ಲಿ ಕೂತಿದ್ದ ಬೇಸಿಗೆ ಅದು. ತೊಂಬತ್ತರ ದಶಕದ ನಡುಭಾಗ. ನಮ್ಮವರು ನೀರಾವರಿ ಇಲಾಖೆಯಲ್ಲಿದ್ದರು. ಕೆ.ಆರ್.ಎಸ್.ನ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆ. ಪೋಸ್ಟ್‌ಮ್ಯಾನ್ ನಮ್ಮ ಸಾಲಿಗೆ ಬರುತ್ತಿದ್ದುದು ಹನ್ನೊಂದಕ್ಕೆ. ನಾನು ಹತ್ತೂವರೆಗೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಅವನ ಸೈಕಲ್ಲು ನಿಲ್ಲದೆ ದಾಟಿಹೋಯಿತೆಂದರೆ ಉಳಿದ ದಿನ ಹೇಗೆ ಕಳೆಯುವುದೆಂದು ತೋಚುತ್ತಿರಲಿಲ್ಲ. ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ.

ಅತ್ತೆಯೂ ಆಗ ನಮ್ಮ ಜೊತೆಗಿದ್ದರು. ಅವರದು ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ಕಡೆಯ ಊರು. ಹೊಟ್ಟೆಯ ಆಪರೇಷನ್ ಆಗಿತ್ತು. ಮೂರು ತಿಂಗಳು ಭಾರ ಎತ್ತಕೂಡದು ಎಂದು ಡಾಕ್ಟರು ಹೇಳಿದ್ದರಿಂದ ನಮ್ಮವರು ಕರೆತಂದಿದ್ದರು. ನಲವತ್ತು ವರ್ಷ ಎಮ್ಮೆ ಕರೆದ ಕೈಗೆ ಇಲ್ಲಿ ಕೆಲಸವಿರಲಿಲ್ಲ. ಎದ್ದರೆ ಕೂರು, ಕೂತರೆ ಮಲಗು ಅನ್ನುವವರೇ ಎಲ್ಲ. ಅವರು ಹಿತ್ತಲಿಗೂ ಪಡಸಾಲೆಗೂ ನಡೆಯುತ್ತಿದ್ದರು, ನಾನು ಪಡಸಾಲೆಗೂ ಬಾಗಿಲಿಗೂ. ನಡುವೆ ಡಿಕ್ಕಿ ಹೊಡೆಯುವುದೊಂದು ಬಾಕಿ.

ಮೈಸೂರಿನಲ್ಲಿದ್ದ ನಮ್ಮವರ ಅಕ್ಕ, ಮಗನ ಪರೀಕ್ಷೆ ಮುಗಿಯುವ ತನಕ ಕಣ್ಣಿಗೆ ಬೀಳಬಾರದೆಂದು ಅವನ ಟಿವಿ ಗೇಮನ್ನು ತಂದು ನಮ್ಮ ಮನೆಯಲ್ಲಿಟ್ಟು ಹೋಗಿದ್ದರು. ಒಂದು ಮಧ್ಯಾಹ್ನ ತಾಳಲಾರದೆ ಅದನ್ನು ಟಿವಿಗೆ ಸಿಕ್ಕಿಸಿದೆ. ಅದರ ಜೊತೆಗಿದ್ದದ್ದು ಗುಂಡಿ ಒತ್ತಿ ಆಡುವ ಎರಡು ಪುಟ್ಟ ಪೆಟ್ಟಿಗೆ, ಒಂದೇ ಕ್ಯಾಸೆಟ್ಟು, ಬೇಸ್‌ಬಾಲಿನದು. ಆ ಆಟವನ್ನು ನಾನು ಕಂಡಿರಲೂ ಇಲ್ಲ, ಕೇಳಿರಲೂ ಇಲ್ಲ. ಎದುರಿನವನು ಚೆಂಡು ಎಸೆಯುತ್ತಾನೆ, ನಮ್ಮವನು ದೊಣ್ಣೆಯಲ್ಲಿ ಹೊಡೆದು ಮೊದಲ ಮೂಲೆಗೆ ಓಡುತ್ತಾನೆ, ಅವನಿಗಿಂತ ಮೊದಲು ಚೆಂಡು ಮೂಲೆಗೆ ಬಂದರೆ ಔಟು, ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್ನು. ಇಷ್ಟು ತಿಳಿಯುವುದಕ್ಕೆ ಎರಡು ದಿನ ಹಿಡಿಯಿತು.

ಆದರೆ ಒಂದು ವಿಷಯ ತಲೆಗೆ ಹತ್ತಲಿಲ್ಲ. ಅದೇ ಚೆಂಡಿಗೆ ಅದೇ ಹೊತ್ತಿನಲ್ಲಿ ಗುಂಡಿ ಒತ್ತಿದರೂ ಒಬ್ಬನ ಹೊಡೆತ ಗೋಡೆ ದಾಟುತ್ತಿತ್ತು, ಇನ್ನೊಬ್ಬನದು ಕಾಲ ಬುಡದಲ್ಲೇ ಉರುಳುತ್ತಿತ್ತು. ಪ್ರತಿ ಹೊಡೆಯುವವನೂ ಬಂದು ನಿಂತಾಗ ಪರದೆಯ ಕೆಳಗೆ ಎರಡು ಅಂಕಿ ಕಾಣುತ್ತಿದ್ದವು. ಕಾರಣ ಅಲ್ಲೇ ಇರಬೇಕೆಂದು ಬಿ.ಎಡ್.ನ ಪಾಠಯೋಜನೆಯ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ಗೆರೆ ಹಾಕಿ ಬರೆಯತೊಡಗಿದೆ. ಹತ್ತು ಹದಿನೈದು ದಿನಕ್ಕೆ ಗೊತ್ತಾಯಿತು. ಮೊದಲ ಅಂಕಿ ದೊಡ್ಡದಿದ್ದವನು ನಾನು ಚೂರು ಮುಂಚೆ, ಚೂರು ತಡವಾಗಿ ಒತ್ತಿದರೂ ಚೆಂಡನ್ನು ಹೇಗೋ ಸಂದಿಯಲ್ಲಿ ನುಗ್ಗಿಸುತ್ತಿದ್ದ. ಚಿಕ್ಕದಿದ್ದವನ ಚೆಂಡು ನೆಟ್ಟಗೆ ಮೇಲೆದ್ದು ಹಿಡಿಯುವವನ ಕೈಗೇ ಬೀಳುತ್ತಿತ್ತು. ಎರಡನೆಯದು ಬಲದ ಅಂಕಿ. ಅದು ಚಿಕ್ಕದಿದ್ದರೆ ಎಷ್ಟು ಸರಿಯಾಗಿ ಹೊಡೆದರೂ ದೂರ ಹೋಗದು. ಮೇಷ್ಟರ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆಯೂ ಅಂಕವಿತ್ತು. ಅದು ನೆನಪಾದಾಗಲೆಲ್ಲ ನೋಟ್‌ಬುಕ್ಕು ಮುಚ್ಚಿಡುತ್ತಿದ್ದೆ. ಮತ್ತೆ ಗುಂಡಿ ಒತ್ತುತ್ತಿದ್ದೆ.

ಅತ್ತೆ ಗೋಡೆಗೊರಗಿ ನೋಡುತ್ತಿದ್ದರು. ಒಂದು ದಿನ, "ಆ ಇನ್ನೊಂದು ಗುಂಡಿಪೆಟ್ಗೆ ಇಲ್ಲಿ ಕೊಡವ್ವ" ಎಂದರು. ಅಲ್ಲಿಂದ ಇಬ್ಬರೂ ಎದುರುಬದುರಾಗಿ ಆಡತೊಡಗಿದೆವು. ನಾನು ದೊಡ್ಡ ಅಂಕಿಯ ತಂಡ ಆರಿಸಿಕೊಳ್ಳುತ್ತಿದ್ದೆ. ಅತ್ತೆಗೆ ಅಂಕಿ ಓದಲು ಬರುತ್ತಿರಲಿಲ್ಲ. ಅವರಿಗೆ ತಮ್ಮ ತಂಡದ ಒಬ್ಬ ಸಣಕಲನ ಮೇಲೆ ಮನಸ್ಸು. ಎರಡೂ ಅಂಕಿ ಕಡಿಮೆಯಿದ್ದವನು, ನನ್ನ ಲೆಕ್ಕದಲ್ಲಿ ದಂಡ.

"ಅವನಿಂದ ಏನೂ ಆಗಲ್ಲ ಅತ್ತೆ."

"ಒಡೆಯಕ್ಕೆ ಬರಕಿಲ್ಲ, ಸರಿ. ಅವ್ನು ಓಡೋದ್ ನೋಡು. ನಿನ್ನ ದಾಂಡಿಗ್ರು ಅರ್ಧ ದಾರಿಲಿರೋವಾಗ ಇವ್ನು ಮೂಲೆ ಮುಟ್ಬುಟ್ಟಿರ್ತಾನೆ."

ನೋಡಿದೆ. ನಿಜವಾಗಿತ್ತು. ಓಟದ ವೇಗಕ್ಕೆ ಪರದೆಯ ಮೇಲೆ ಅಂಕಿಯೇ ಇರಲಿಲ್ಲ, ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಗುಂಡಿಯನ್ನು ಮುಟ್ಟಿ ಬಿಟ್ಟರೆ ದೊಣ್ಣೆ ಅರ್ಧಕ್ಕೇ ನಿಲ್ಲುತ್ತಿತ್ತು, ಚೆಂಡು ಮೆತ್ತಗೆ ಮುಂದೆ ಬೀಳುತ್ತಿತ್ತು. ಯಾರಾದರೂ ಓಡಿಬಂದು ಅದನ್ನು ಎತ್ತುವಷ್ಟರಲ್ಲಿ ಆ ಸಣಕಲ ಮೊದಲ ಮೂಲೆಯಲ್ಲಿ. ಅತ್ತೆ ಇದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದರು.

ಒಂದು ಗುರುವಾರ ಪೋಸ್ಟ್‌ಮ್ಯಾನ್ ನಮ್ಮ ಬಾಗಿಲಿಗೇ ಬಂದ. ಓಡಿ ಕೈಚಾಚಿದೆ. ಕೊಟ್ಟದ್ದು ಯಾರದೋ ಮದುವೆಯ ಕಾಗದ. ಮಧ್ಯಾಹ್ನ ಆಡಲು ಕೂತರೆ ಅತ್ತೆ ಮೇಲಿಂದ ಮೇಲೆ ರನ್ನು ತೆಗೆದರು. ಕೊನೆಯ ಸರದಿ, ಅವರು ಎರಡು ರನ್ನು ಮುಂದೆ. ಸಣಕಲ ಮತ್ತೆ ಮೂಲೆ ಮುಟ್ಟಿದ. ಅತ್ತೆ "ನೋಡ್ದಾ!" ಎಂದು ನಕ್ಕರು.

"ಅಂಕಿ ಓದೋಕೆ ಬರದೋರಿಗೆ ಇನ್ನೇನು, ಸುಮ್ನೆ ಒತ್ತೋದು ತಾನೆ" ಎಂದು ನಾನು ಟಿವಿಯ ಸ್ವಿಚ್ಚು ಆರಿಸಿಬಿಟ್ಟೆ.

ಅತ್ತೆ ಗುಂಡಿಪೆಟ್ಟಿಗೆ ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದರು. ಮಾರನೆಯ ಬೆಳಿಗ್ಗೆ ನಾನು ನೀರು ಹಿಡಿದು ಬರುವಷ್ಟರಲ್ಲಿ ಅವರೂ ಇರಲಿಲ್ಲ, ಗೂಟದಲ್ಲಿ ಅವರ ಚೀಲವೂ ಇರಲಿಲ್ಲ. ನಮ್ಮವರು ಡ್ಯೂಟಿಯಿಂದ ಬಂದು, "ಅವ್ವನಿಗೆ ಏನಂದೆ?" ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. "ಹೊಲಿಗೆ ಇನ್ನೂ ಹಸಿ ಕಣೆ. ಊರಿಗೆ ಹೋಗಿ ಕೊಡ ಎತ್ತಿದ್ರೆ?" ಎಂದರಷ್ಟೆ. ಬೈದಿದ್ದರೆ ವಾಸಿಯಿತ್ತು.

ನಾನೇ ಹೊರಟೆ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿದೆ. ಕೆ.ಆರ್.ಪೇಟೆಯ ಸ್ಟ್ಯಾಂಡಿನಲ್ಲಿ ಊರಿನ ಬಸ್ಸಿಗೆ ಒಂದೂವರೆ ಗಂಟೆ ಕಾದೆ. ಕೂರಲು ಜಾಗವಿದ್ದರೂ ಕೂರಲಾಗಲಿಲ್ಲ. ಏನೆಂದು ಮಾತು ಶುರು ಮಾಡುವುದು ಎಂಬುದೊಂದೇ ಯೋಚನೆ.

ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೊಡ ಮುಟ್ಟಲು ನನ್ನ ಓರಗಿತ್ತಿ ಬಿಟ್ಟಿರಲಿಲ್ಲ. ಜೀವ ಬಂದಂತಾಯಿತು.

"ತಪ್ಪಾಯ್ತು ಅತ್ತೆ. ಹಂಗೆ ಅನ್ನಬಾರದಿತ್ತು."

"ಅಂಕಿ ಬರಕಿಲ್ಲ ಅಂದಿದ್ದು ದಿಟ್ವೇ ಅಲ್ವಾ? ಅದುಕ್ಕಲ್ಲ ಕಣವ್ವ ನಾನು ಎದ್ದು ಬಂದಿದ್ದು. ಗೆಲ್ಲೋ ವತ್ನಲ್ಲಿ ಆರಿಸ್ಬುಟ್ಟಲ್ಲ, ಅದುಕ್ಕೆ!"

ಓರಗಿತ್ತಿ ಒಳಗಿಂದ ನಕ್ಕಳು. ನನಗೆ ನಗು ಬರಲಿಲ್ಲ, ಅಳು ಬಂತು. ಅತ್ತೆ ಹುಣಸೆಯ ಮೊರವನ್ನು ಅರ್ಧ ನನ್ನ ಕಡೆ ತಳ್ಳಿದರು. ಎರಡು ದಿನ ಅಲ್ಲೇ ಉಳಿದು ಬೀಜ ಬಿಡಿಸಿದೆ. ಅವರು ವಾಪಸು ಬರಲಿಲ್ಲ. "ಅಲ್ಲಿ ಕೂತ್ರೆ ನಂಗೆ ಮೈ ಕೆಟ್ಟೋಯ್ತದೆ. ನಿಂಗೂ ಅಂಗೇ, ನಾನು ನೋಡಿವ್ನಿ" ಎಂದರು.

ಮಳೆ ಹಿಡಿದ ಮೇಲೆ ಆರ್ಡರ್ ಬಂತು, ನಾಗಮಂಗಲ ತಾಲ್ಲೂಕಿನ ಒಂದು ಶಾಲೆಗೆ. ಗೇಮನ್ನು ಅಷ್ಟರಲ್ಲಿ ಅಕ್ಕ ತೆಗೆದುಕೊಂಡು ಹೋಗಿದ್ದರು. ನಾಗಮಂಗಲದಲ್ಲಿ ಬಾಡಿಗೆ ಮನೆ ಮಾಡಿದಾಗ ಅತ್ತೆ ಎಂಟು ದಿನ ಇರುತ್ತೇನೆಂದು ಬಂದರು. ಐದನೆಯ ಬೆಳಿಗ್ಗೆ ಊರಿನ ಬಸ್ಸು ಎಷ್ಟು ಗಂಟೆಗೆಂದು ವಿಚಾರಿಸತೊಡಗಿದರು. ನಾನು ಇರಿ ಎಂದು ಒತ್ತಾಯಿಸಲಿಲ್ಲ. ರೊಟ್ಟಿ ಕಟ್ಟಿಕೊಟ್ಟು, ಸ್ಟ್ಯಾಂಡಿಗೆ ಜೊತೆಯಲ್ಲೇ ಹೋಗಿ, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟೆ.