ಲಾಯದ ಒಡತಿ

ನನ್ನ ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಮಧ್ಯಾಹ್ನವಾದರೆ ಮೆಷಿನ್ ನಿಲ್ಲಿಸಿ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, ಕಣ್ಣು ಕಳೆದುಕೊಂಡ ದೊಡ್ಡಪ್ಪನಿಗೆ ಕೌಬಾಯ್ ಕಾದಂಬರಿಗಳ ಸರಣಿಯೊಂದನ್ನು ಓದಿ ಹೇಳುತ್ತಿದ್ದಳು. ನಡುನಡುವೆ ಗೊಣಗಾಟ ಇದ್ದೇ ಇರುತ್ತಿತ್ತು.

“ಕುದುರೆ ಓಡಿದ್ರೆ ಧೂಳು ನಮ್ಮ ಮೂಗಿಗೇ ಬಡಿಯುತ್ತೆ, ಅಷ್ಟು ಚೆನ್ನಾಗಿ ಬರೀತಾನೆ. ಆದ್ರೆ ಹೆಂಗಸರಿಗೆ ಬಾಗಿಲು ತೆಗೆಯೋದು, ಅಳೋದು ಬಿಟ್ರೆ ಬೇರೆ ಕೆಲಸಾನೇ ಕೊಟ್ಟಿಲ್ಲ, ಪುಣ್ಯಾತ್ಮ!”

ಕಳೆದ ವಾರ ಅವಳ ಗಂಟಲು ಕಟ್ಟಿತು. ಓದುವ ಕೆಲಸ ನನ್ನ ಹೆಗಲಿಗೆ ಬಿತ್ತು. ತನಗಿಷ್ಟವಾದ ಹಳೆಯ ಭಾಗವನ್ನೇ ಓದಿಸಿದ ದೊಡ್ಡಪ್ಪ ಅರ್ಧದಲ್ಲಿ ತಡೆದ.

“ಕುದುರೆ ಲಾಯದ ಒಡತಿ ಎಲ್ಲೋ? ‘ಮೊದಲು ಕುದುರೆಗೆ ನೀರು ಕುಡಿಸು, ಆಮೇಲೆ ಗುಂಡು ಹಾರಿಸೀಯಂತೆ’ ಅಂತ ಆ ಕೌಬಾಯ್‌ಗೆ ಬೈತಾಳಲ್ಲ?”

ಹಿಂದೆ ಮುಂದೆ ಹಾಳೆ ತಿರುವಿದೆ. ಅಂಥವಳೊಬ್ಬಳು ಪುಸ್ತಕದಲ್ಲೇ ಇರಲಿಲ್ಲ. ಗುಂಡಿ ಹೊಲಿಯುತ್ತಿದ್ದ ದೊಡ್ಡಮ್ಮ ಇನ್ನಷ್ಟು ತಲೆ ತಗ್ಗಿಸಿದಳು.

“ಇದರಲ್ಲಿ ಅವಳಿಲ್ಲ ದೊಡ್ಡಪ್ಪ.”

“ಗೊತ್ತು ಕಣೋ,” ದೊಡ್ಡಪ್ಪ ನಕ್ಕ. “ಇಷ್ಟು ವರ್ಷ ನಾನು ಕೇಳಿದ್ದೇ ಅವಳಿಗೋಸ್ಕರ. ಪುಸ್ತಕ ಮುಚ್ಚಿಡು. ಅವಳ ಗಂಟಲು ಸರಿಹೋಗ್ಲಿ.”